ಬಲ ಮೊಣಕಾಲಿನ ಕೊನೆಯ ಬೂಚು

ಎಲುಬನ್ನು ಕೊರೆಯುವಾಗ ಅವಸರ ಮಾಡಿದರೆ ಅದು ಸುಡುತ್ತದೆ. ವಾಸನೆ ಮೂಗಿಗೆ ಬರುವಷ್ಟರಲ್ಲಿ ಒಳಗಿನ ಜೀವಕೋಶಗಳು ಸತ್ತುಹೋಗಿರುತ್ತವೆ. ಸತ್ತ ಎಲುಬಿಗೆ ಎಂಥ ಅಂಟು ಹಚ್ಚಿದರೂ ಅದು ಬರೀ ಅಂಟೇ, ಮುರಿದ ಕುರ್ಚಿಯ ಕಾಲಿಗೆ ಹಚ್ಚಿದ ಹಾಗೆ. ಅದಕ್ಕೇ ಕಸ್ತೂರಿ ಬಡಿಗೇರ ಟೊಳ್ಳು ಡ್ರಿಲ್ಲನ್ನು ಒಂದು ಉಸಿರಿನ ಹೊತ್ತು ಒತ್ತಿ, ಒಂದು ಉಸಿರಿನ ಹೊತ್ತು ಎತ್ತಿ, ಕೊರೆದ ಜಾಗಕ್ಕೆ ತಣ್ಣನೆಯ ಉಪ್ಪುನೀರು ಇಳಿಯಲು ಬಿಟ್ಟು, ಮತ್ತೆ ಒತ್ತುತ್ತಿದ್ದಳು.

ಡ್ರಿಲ್ಲಿನ ಟೊಳ್ಳಿನಿಂದ ಹೊರಬೀಳುವುದು ಕಿರುಬೆರಳಿನ ತುದಿಯಷ್ಟು ದಪ್ಪದ ಒಂದು ಸಣ್ಣ ಕಂಬ. ಕೆಳಗೆ ನಸುಗೆಂಪಿನ, ಜೇನುಗೂಡಿನಂಥ ಎಲುಬು. ಮೇಲೆ ಎಳೆ ಕೊಬ್ಬರಿಯ ಹಾಗೆ ಬೆಳ್ಳಗೆ, ನುಣ್ಣಗೆ ಮೃದ್ವಸ್ಥಿಯ ಪದರ. ಕೀಲಿನಲ್ಲಿ ಎಲುಬಿಗೆ ಎಲುಬು ತಿಕ್ಕದಂತೆ ಕಾಯುವುದು ಈ ಪದರವೇ. ಒಮ್ಮೆ ಕಿತ್ತುಹೋದರೆ ತಾನಾಗಿ ಕೂಡಿಕೊಳ್ಳದಿರುವುದೂ ಇದೇ. ವರದಿಗಳಲ್ಲಿ ಆ ಕಂಬಕ್ಕೆ ಉದ್ದನೆಯ ಹೆಸರಿತ್ತು. ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಬೂಚು ಎನ್ನುತ್ತಿದ್ದರು, ನೋಡಲು ಬಾಟಲಿಯ ಬೂಚಿನಂತಿತ್ತು ಎಂದು.

ಬೂಚು ತೆಗೆದ ಮೇಲೆ ಎಲುಬಿನ ತೂತುಗಳಲ್ಲಿರುವ ಕೊಬ್ಬನ್ನು ಸಣ್ಣ ನೀರಿನ ಧಾರೆಯಿಂದ ತೊಳೆಯಬೇಕು. ಕೊಬ್ಬು ಉಳಿದರೆ ಅಂಟು ಜಾರುತ್ತದೆ. ಎರಡೂ ತುದಿಗಳನ್ನು ಮಟ್ಟಸವಾಗಿ ಕತ್ತರಿಸಬೇಕು. ಓರೆಯಾದರೆ ಎಳೆಯುವಾಗ ಒಂದೇ ಬದಿಗೆ ಭಾರ ಬಿದ್ದು ಸುಳ್ಳು ಲೆಕ್ಕ ಬರುತ್ತದೆ. ಆಮೇಲೆ ತೆಳು ಬ್ಲೇಡಿನಿಂದ ಮೃದ್ವಸ್ಥಿಯನ್ನು ಎಲುಬಿನಿಂದ ಬಿಡಿಸಿ, ನಡುವೆ ಅಂಟು ಇಟ್ಟು, ಮತ್ತೆ ಕೂಡಿಸಬೇಕು. ಇಷ್ಟೆಲ್ಲ ಮಾಡುವ ಹೊತ್ತಿಗೂ ಅದು ಒಣಗಬಾರದು. ಒಟ್ಟಿನಲ್ಲಿ ಚೆನ್ನಾಗಿದ್ದುದನ್ನು ಕೆಡಿಸಿ, ರಿಪೇರಿ ಆಗುತ್ತದೋ ಇಲ್ಲವೋ ನೋಡುವ ಕೆಲಸ.

ಆ ಬೆಳಿಗ್ಗೆ ಮೇಜಿನ ಮೇಲಿದ್ದದ್ದು ಕಸ್ತೂರಿಯ ಗಂಡನ ಬಲ ಮೊಣಕಾಲು.

ಯಮನೂರಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದ. ಹಳಿ ನೋಡಲು ಕ್ಯಾಮೆರಾ ಗಾಡಿಗಳು ಬಂದು ಎಷ್ಟೋ ವರ್ಷವಾಗಿದ್ದರೂ, ಹಳಿಯನ್ನು ಕೆಳಗಿನ ಅಡ್ಡದಿಮ್ಮಿಗೆ, ಅಂದರೆ ಸ್ಲೀಪರಿಗೆ, ಹಿಡಿದಿಡುವ ಕೀಲುಗಳು ಸಡಿಲವಾಗಿವೆಯೇ ಎಂದು ಸುತ್ತಿಗೆಯಿಂದ ಬಡಿದು ನೋಡಲು ಮನುಷ್ಯನೇ ನಡೆಯಬೇಕಾಗಿತ್ತು. ಮಳೆಗಾಲದ ಒಂದು ಸಂಜೆ ಡ್ಯೂಟಿ ಮುಗಿಸಿ ಬರುವಾಗ ಬೈಕು ಜಾರಿ ತಲೆಗೆ ಪೆಟ್ಟಾಯಿತು. ಮೈಯಲ್ಲಿ ಬೇರೆಲ್ಲೂ ಒಂದು ಗೀರಿರಲಿಲ್ಲ. ಮಿದುಳು ಸತ್ತಿದೆ ಎಂದು ಡಾಕ್ಟರು ಹೇಳಿದಾಗ ಕಸ್ತೂರಿ ಅಂಗಾಂಗಗಳ ಜೊತೆಗೆ ಎಲುಬುಗಳನ್ನೂ ಕೊಟ್ಟಳು. ಪ್ರಯೋಗಾಲಯದ ಪರವಾಗಿ ಎಷ್ಟೋ ಮನೆಯವರ ಮುಂದೆ ಕೂತು ಕೊಡಿ ಎಂದು ತಾನೇ ಕೇಳಿದವಳು. ತನ್ನ ಸರದಿ ಬಂದಾಗ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ರಜೆ ಮುಗಿಸಿ ಬಂದ ದಿನ ಪ್ರಯೋಗಾಲಯದ ಮುಖ್ಯಸ್ಥೆ ಡಾ. ವಿನುತಾ ಹೇರೂರ ಸುತ್ತುಬಳಸದೆ ಹೇಳಿದ್ದರು.

"ಕಸ್ತೂರಿ, ಇ-ಹದಿನಾಲ್ಕು ನಂಬರಿನ ಮೊಣಕಾಲು ನಿನ್ನ ಗಂಡಂದು. ನಿನಗ ಹೇಳಬಾರದಂತ ನಿಯಮ ಐತಿ. ಆದರ ದಿನಾಂಕ ನೋಡಿ ನೀನ ತಿಳಕೋತಿ. ಅದನ್ನ ನಾ ತಯಾರ ಮಾಡತೇನಿ, ನೀ ಮುಟ್ಟಬ್ಯಾಡ."

"ನೀವು ಡ್ರಿಲ್ ಹಿಡದರ ಎಲುಬು ಸುಡತೈತ್ರಿ ಮೇಡಂ. ಓದು ನಿಮ್ಮದು, ಕೈ ನಂದು. ನಾನ ಮಾಡತೇನಿ."

ಹೇರೂರ ಮೇಡಂ ಒಂದು ಗಳಿಗೆ ಅವಳ ಮುಖ ನೋಡಿ, "ಮಾಡು" ಎಂದು ಹೋದರು.

ಅಂಟಿನ ವಿಷಯ ಹೀಗಿತ್ತು. ಆರು ಅಂಟುಗಳು ಕೆಟ್ಟ ಮೇಲೆ ಬಂದದ್ದು ಏಳನೆಯದು. ಅದು ರಕ್ತ, ನೀರು ಇದ್ದಲ್ಲೂ ಹಿಡಿಯುತ್ತಿತ್ತು. ಆದರೆ ಆ ಹಿಡಿತ ತಾತ್ಕಾಲಿಕ. ಕೆಲವು ವಾರಗಳಲ್ಲಿ ಅಂಟು ಕರಗಿಹೋಗುತ್ತದೆ. ಕರಗುವಷ್ಟರಲ್ಲಿ ಎರಡೂ ಕಡೆಯ ಜೀವಕೋಶಗಳು ಅದರೊಳಗೆ ನುಗ್ಗಿ ತಮ್ಮದೇ ನಾರು ನೇಯ್ದಿರಬೇಕು. ಸುಮ್ಮನೆ ಬಿಟ್ಟರೆ ಅವು ನೇಯುವುದಿಲ್ಲ. ಭಾರ ಬೀಳಬೇಕು, ಭಾರ ಏಳಬೇಕು. ಅದಕ್ಕಾಗಿ ಬೂಚನ್ನು ಮೈಬಿಸಿಯ ಪೋಷಕ ದ್ರವದಲ್ಲಿ ನಿಲ್ಲಿಸಿ, ಮೇಲಿನಿಂದ ಒಂದು ಉಕ್ಕಿನ ದಂಡದಿಂದ ಹೆಜ್ಜೆ ಹಾಕಿದಂತೆ ಒತ್ತಿಸುತ್ತಿದ್ದರು. ಯಾವ ಹೆಜ್ಜೆ? ಸಾವಿರಾರು ಜನರ ನಡಿಗೆಯನ್ನು ಕೂಡಿಸಿ ಭಾಗಿಸಿ ತೆಗೆದ ಸರಾಸರಿ ಹೆಜ್ಜೆ. ಆ ಹೆಜ್ಜೆಗೆ ಬೂಚುಗಳು ಸೊಪ್ಪು ಹಾಕಲಿಲ್ಲ. ಅಂಟು ಕರಗಿತು, ಬೂಚು ಎರಡಾಯಿತು.

ಒಮ್ಮೆ ಯಂತ್ರ ನೋಡಿಕೊಳ್ಳುವ ಜಾಫರ್ ನದಾಫ, ಬೇರೆ ಕೆಲಸಕ್ಕೆಂದು ದಾಖಲಿಸಿದ್ದ, ಮೊಣಕಾಲು ಬದಲಿಸಿಕೊಂಡ ಒಬ್ಬ ಮುದುಕಿಯ ನಡಿಗೆಯನ್ನು ಅದೇ ಮುದುಕಿಯ ಬೂಚಿಗೆ ಹಾಕಿ ನೋಡಿದ. ಅದು ಹಿಡಿಯಿತು. ಇನ್ನೊಬ್ಬರ ನಡಿಗೆ ಹಾಕಿದರೆ ಬಿಡುತ್ತಿತ್ತು. ಪ್ರತಿಯೊಬ್ಬರ ಮೃದ್ವಸ್ಥಿಯೂ ಹುಟ್ಟಿದಾಗಿನಿಂದ ತನ್ನ ಮೇಲೆ ಬಿದ್ದ ಭಾರದ ಬಗೆಯನ್ನು ತನ್ನ ನಾರಿನ ಓರೆಯಲ್ಲಿ ಇಟ್ಟುಕೊಂಡಿರುತ್ತದೆ, ಆ ಬಗೆ ಬಂದರೆ ಮಾತ್ರ ಜೀವಕೋಶಗಳು ಕೆಲಸಕ್ಕೆ ಏಳುತ್ತವೆ ಎಂದು ತಿಳಿಯಲು ಮತ್ತೆ ಎರಡು ವರ್ಷ ಬೇಕಾಯಿತು. ಹೇರೂರ ಮೇಡಂ ಸಭೆಯಲ್ಲಿ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು: "ಒಬ್ಬನ ಕೈಯಾಗ ದುಡದ ಎತ್ತು ಇನ್ನೊಬ್ಬ ಹೈ ಅಂದ್ರ ಏಳೂದಿಲ್ಲ."

ಮೊಣಕಾಲು ಬದಲಿಸಿಕೊಳ್ಳಲು ಬಂದ ರೋಗಿಗಳನ್ನು ಅಂದಿನಿಂದ ಆಪರೇಷನ್ನಿಗೆ ಮುಂಚೆ ಅಳತೆಯ ಹಲಗೆಯ ಮೇಲೆ ನಡೆಸಿ, ನಡಿಗೆ ದಾಖಲಿಸಿ, ಅವರು ಬಿಟ್ಟುಹೋದ ಎಲುಬಿನಿಂದ ಬೂಚು ತೆಗೆಯುವುದು ರೂಢಿಯಾಯಿತು. ಆದರೂ ಅರ್ಧಕ್ಕರ್ಧ ಬೂಚುಗಳು ಬಿಡುತ್ತಲೇ ಇದ್ದವು. ಅವು ಹೇಗೂ ಸವೆದ, ರೋಗದ ಕೀಲುಗಳು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಆರೋಗ್ಯದ ಮೃದ್ವಸ್ಥಿಯ ಮೇಲೆ ಒಂದಾದರೂ ಗೆಲುವು ತೋರಿಸಿ, ಆಮೇಲೆ ಮನುಷ್ಯರಿಗೆ ಹಚ್ಚುವ ಮಾತು ಎಂದು ಅನುಮತಿ ಕೊಡುವ ಸಮಿತಿ ಪಟ್ಟು ಹಿಡಿದಿತ್ತು. ತೊಂದರೆ ಏನೆಂದರೆ, ಆರೋಗ್ಯದ ಮೊಣಕಾಲು ಕೊಡುವವರು ಸತ್ತವರು ಮಾತ್ರ. ಸತ್ತವರ ನಡಿಗೆ ಎಲ್ಲಿಂದ ತರುವುದು?

ಯಮನೂರಪ್ಪನದು ನಲವತ್ತೂ ತುಂಬದ, ಗಟ್ಟಿಮುಟ್ಟಾದ ಕಾಲು. ಬೇರೆ ದಾರಿಯಿಲ್ಲದೆ ಅವನ ಬೂಚುಗಳಿಗೂ ಸರಾಸರಿ ಹೆಜ್ಜೆಯನ್ನೇ ಹಾಕಿದರು. ಒಂದಾದ ಮೇಲೊಂದು ಬಿಟ್ಟವು, ಬೇಯಿಸಿದ ಶೇಂಗಾದ ಸಿಪ್ಪೆ ಸುಲಿದಂತೆ. ಆ ಬೆಳಿಗ್ಗೆ ಕಸ್ತೂರಿ ಮೂಳೆಯ ಉಳಿದ ಅಂಚಿನಿಂದ ತೆಗೆದದ್ದು ಕೊನೆಯ ಬೂಚು. ಮುಂದೆ ಕೊರೆಯಲು ಜಾಗವಿರಲಿಲ್ಲ.

ಅವಳು ಅದನ್ನು ತಣ್ಣನೆಯ ದ್ರವದಲ್ಲಿಟ್ಟು ಮುಚ್ಚಳ ಹಾಕಿದಳು. ಅಂಟು ಹಚ್ಚಲಿಲ್ಲ.

"ಇದಕ್ಕ ಸರಾಸರಿ ಹೆಜ್ಜಿ ಹಾಕಬ್ಯಾಡ" ಎಂದಳು ಜಾಫರನಿಗೆ. "ಅವನ ನಡಿಗಿ ತರತೇನಿ."

"ಎಲ್ಲಿಂದ ತರತೀರಿ ಕಸ್ತೂರಕ್ಕ?"

"ನನಗ ಬರತೈತಿ."

ಜಾಫರ್ ನಗಬೇಕೋ ಬೇಡವೋ ತಿಳಿಯದೆ ಯಂತ್ರದ ಕಡೆ ತಿರುಗಿದ.

*

ಮನೆಯಲ್ಲಿ ಯಮನೂರಪ್ಪನ ಅಕ್ಕ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡು ಖಾನಾವಳಿಗಳಿಗೆ ರೊಟ್ಟಿ ಕೊಡುವುದು ಅವಳ ಕಸುಬು. ಗಂಡ ಬಿಟ್ಟ ಮೇಲೆ ತಮ್ಮನ ಜೊತೆಗಿದ್ದವಳು. ತಮ್ಮ ಹೋದ ಮೇಲೆ ನಾದಿನಿ, ಅತ್ತಿಗೆ ಇಬ್ಬರೇ ಉಳಿದು, ಒಬ್ಬರಿಗೊಬ್ಬರು ಬೇಡವಾಗಿಯೂ ಬಿಟ್ಟು ಹೋಗಲಾರದೆ ಇದ್ದರು. ಮಣ್ಣು ಮಾಡುವಾಗ ತಮ್ಮನ ಮೈ ಪೂರಾ ಇರಲಿಲ್ಲ ಎನ್ನುವುದನ್ನು ನೀಲವ್ವ ಇನ್ನೂ ನುಂಗಿಕೊಂಡಿರಲಿಲ್ಲ.

"ನೀಲಕ್ಕ, ಒಂದ ತುಣುಕು ಉಳದೈತಿ" ಎಂದಳು ಕಸ್ತೂರಿ, ಬಾಗಿಲಲ್ಲೇ.

ನೀಲವ್ವನ ಕೈ ನಿಲ್ಲಲಿಲ್ಲ. "ಉಳದಿದ್ರ ಕೊಡು. ಅವನ ಬಾಜೂಕ ಇಟ್ಟ ಬರತೇನಿ. ಇದ್ದಾಗ ಒಂದ ಕಡೆ ಕುಂದ್ರಲಿಲ್ಲ, ಸತ್ತ ಮ್ಯಾಲರ ಒಂದ ಕಡೆ ಇರಲಿ."

"ಕೊಡಾಕ ಬರೂದಿಲ್ಲ."

"ಊರ ಮಂದಿಗೆಲ್ಲ ಕೈ ಕೊಡ್ರಿ ಕಾಲ ಕೊಡ್ರಿ ಅಂತ ಕೇಳಿ ಕೇಳಿ ನಿನಗ ರೂಢಿ ಆಗೇತಿ. ಮತ್ತ ಯಾಕ ಹೇಳಾಕ ಬಂದಿ?"

"ಅಂವ ಹೆಂಗ ನಡೀತಿದ್ದ, ನಿನಗ ನೆನಪೈತೇನು?"

ನೀಲವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅವಳನ್ನು ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಕಣ್ಣು ಸಣ್ಣದಾಯಿತು.

"ಕೊಕ್ಕರಿ ಹಂಗ" ಎಂದಳು. "ಕಾಲ ಎತ್ತಿ ಎತ್ತಿ ಇಡತಿದ್ದ. ಸಣ್ಣಾವ ಇದ್ದಾಗಿಂದ ಹಂಗ. ಹೊಲದಾಗಿನ ಮುಳ್ಳಿಗೆ ಅಂಜಿ ಕಲತದ್ದು."

"ಕೊಕ್ಕರಿ ಹಂಗ ಏನಲ್ಲ. ಹೆಜ್ಜಿ ಸಣ್ಣು ಇದ್ದುವು. ಸ್ಲೀಪರಿನಿಂದ ಸ್ಲೀಪರಿಗೆ ಇಟ್ಟು ಇಟ್ಟು ಮನ್ಯಾಗೂ ಹಂಗ. ಸಂತಿಗೆ ಹೋದರ ನಾ ಮುಂದ, ಅಂವ ಹಿಂದ."

"ಅದು ನೀ ಓಡತೀ, ಅದಕ್ಕ."

ಹಿಟ್ಟಿನ ಕೈ ಕೊಡವಿ ನೀಲವ್ವ ಎದ್ದಳು. ಸೀರೆ ಎತ್ತಿ ಕಟ್ಟಿ, ಒಲೆಯಿಂದ ಬಾಗಿಲವರೆಗೆ ನಡೆದು ತೋರಿಸಿದಳು. ಎದೆ ಮುಂದೆ, ಮೊಣಕಾಲು ಮೇಲೆ. ಅದನ್ನು ನೋಡಿ ಕಸ್ತೂರಿಗೆ ನಗು ಬಂತು, ನೀಲವ್ವನಿಗೂ ಬಂತು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು. ಆಮೇಲೆ ಕಸ್ತೂರಿ ನಡೆದಳು. ಗಿಡ್ಡ ಹೆಜ್ಜೆ, ಬಲ ಭುಜ ಒಂಚೂರು ಕೆಳಗೆ, ಹಿಮ್ಮಡಿ ಗಟ್ಟಿ.

ನೀಲವ್ವ ಗೋಡೆಗೆ ಆನಿಕೊಂಡು ನೋಡಿದಳು. "ಹಂಗಲ್ಲ" ಎಂದಳು. ಆದರೆ ಹೇಗೆ ಎಂದು ಹೇಳಲು ಅವಳಿಗೂ ಆಗಲಿಲ್ಲ.

ಕಸ್ತೂರಿಗೆ ಅಂಜಿಕೆ ಶುರುವಾದದ್ದು ಅಲ್ಲಿಂದ. ಅಕ್ಕನ ತಲೆಯಲ್ಲಿದ್ದ ಯಮನೂರಪ್ಪ ಬೇರೆ, ತನ್ನ ತಲೆಯಲ್ಲಿದ್ದವನು ಬೇರೆ. ಇಬ್ಬರಲ್ಲಿ ಒಬ್ಬರಾದರೂ ಅವನನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದರು. ಹತ್ತು ವರ್ಷ ಕೂಡಿ ಬಾಳಿದವಳು ತಾನು. ಅಷ್ಟು ವರ್ಷ ಪ್ರತಿ ಸಂಜೆ ಗೇಟಿನಿಂದ ಬಾಗಿಲವರೆಗೆ ಅವನು ಬರುವ ಸಪ್ಪಳ ಕೇಳಿದ್ದಳು. ಕೇಳಿದ್ದಳೇ, ಅಥವಾ ಬಂದನಲ್ಲ ಎಂದು ಚಹಾಕ್ಕೆ ಇಟ್ಟಿದ್ದಳು ಅಷ್ಟೆಯೇ? ಈಗ ಅವಳಿಗೆ ಅದು ನಿಶ್ಚಯವಿರಲಿಲ್ಲ. ಸತ್ತವನ ಮುಖ ಫೋಟೋದಲ್ಲಿತ್ತು, ದನಿ ಫೋನಿನಲ್ಲಿತ್ತು. ನಡಿಗೆ ಮಾತ್ರ ಎಲ್ಲೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ ಆಗಿತ್ತು.

*

ನಡಿಗೆ ದಾಖಲಿಸುವ ಕೋಣೆ ಪ್ರಯೋಗಾಲಯದ ಪಕ್ಕದಲ್ಲಿತ್ತು. ನೆಲದಲ್ಲಿ ಹುದುಗಿಸಿದ ಅಳತೆಯ ಹಲಗೆಗಳು, ಎದುರಿಗೆ ಪರದೆ. ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು, ಅಲ್ಲಿ ಸಾಲಾಗಿಟ್ಟ ನೀಲಿ ರಬ್ಬರ್ ಸ್ಲಿಪ್ಪರ್ ಮೆಟ್ಟಿಕೊಂಡು ಒಳಗೆ ಬರಬೇಕು. ಧೂಳು ಬರಬಾರದು ಎಂಬುದು ಕಾರಣ. ಕಾರಣವಿಲ್ಲದಿದ್ದರೂ ಯಾರೂ ಅಲ್ಲಿ ಚಪ್ಪಲಿ ಹಾಕಿಕೊಂಡು ಒಳಗೆ ಬರುತ್ತಿರಲಿಲ್ಲ.

ಕಸ್ತೂರಿ ಗಂಡನ ಕೆಲಸದ ಚೀಲ ತಂದಿದ್ದಳು. ಸುತ್ತಿಗೆ, ಸ್ಪ್ಯಾನರ್, ಕೀಲುಗಳು, ಕೆಂಪು ಹಸಿರು ಬಾವುಟ. ಅವನ ತೂಕಕ್ಕೆ ತನ್ನ ತೂಕ ಕಡಿಮೆ ಬಿತ್ತೆಂದು ಸೊಂಟಕ್ಕೆ ಮರಳಿನ ಪಟ್ಟಿ ಕಟ್ಟಿಕೊಂಡಳು. ಸ್ಲೀಪರುಗಳ ಅಂತರ ಅಳೆದು ನೆಲಕ್ಕೆ ಬಿಳಿ ಟೇಪು ಹಚ್ಚಿದಳು. ನೀಲಿ ಸ್ಲಿಪ್ಪರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು.

ಜಾಫರ್ ಪರದೆ ನೋಡಿ ತಲೆ ಕೆರೆದುಕೊಂಡ. "ಕಸ್ತೂರಕ್ಕ, ಸಿಟ್ಟ ಮಾಡಬ್ಯಾಡ್ರಿ. ಇದು ನೀವ. ಚೀಲ ಹೊತ್ತಿರೋ ನೀವು. ರೇಷನ್ ತಗೊಂಡ ಬರೂ ಹಂಗ ಕಾಣತೈತಿ."

ಮತ್ತೆ ನಡೆದಳು. ಮತ್ತೆ ಅದೇ. ಸ್ಲಿಪ್ಪರ್ ಹಿಂದೆ ಪಟಪಟ ಬಡಿಯುತ್ತಿತ್ತು, ಜಾರಿ ಹೋಗದಿರಲೆಂದು ಬೆರಳುಗಳು ಮುದುರಿಕೊಳ್ಳುತ್ತಿದ್ದವು. ಒಂದು ಸಲ ಟೇಪಿನ ಮೇಲೆ ನಿಂತು ತನ್ನ ಪಾದ ನೋಡಿಕೊಂಡಳು. ಆಮೇಲೆ ಹೊರಗೆ ಹೋಗಿ ಚೀಲದ ತಳದಿಂದ ಯಮನೂರಪ್ಪನ ಬೂಟು ತೆಗೆದಳು. ಎರಡೆರಡು ಜೊತೆ ಕಾಲುಚೀಲ ಹಾಕಿ ಬೂಟು ಬಿಗಿದು, ಒಳಗೆ ಕಾಲಿಟ್ಟಳು.

"ಬೂಟು ಒಳಗ ತರಬಾರದ್ರಿ" ಎಂದ ಜಾಫರ್.

"ನನಗ ಗೊತ್ತಿಲ್ಲೇನು? ನೀ ಪರದೆ ನೋಡು."

ಬೂಟು ಭಾರವಿತ್ತು. ಹಿಮ್ಮಡಿ ಹೊರಬದಿಗೆ ಸವೆದಿತ್ತು. ಆ ಸವೆತ ಅವಳ ಕಾಲನ್ನು ತಾನೇ ತಿರುಗಿಸಿ ಇಡುತ್ತಿತ್ತು. ಬಲಗಾಲು ಬಿದ್ದಾಗ ಸುತ್ತಿಗೆಯ ಭಾರ ಜೊತೆಗೇ ಬೀಳುತ್ತಿತ್ತು. ಎಂಟು ಹತ್ತು ಹೆಜ್ಜೆಗೊಮ್ಮೆ ಅವಳ ಕುತ್ತಿಗೆ ತಾನಾಗಿ ಬಲಕ್ಕೆ, ಕೆಳಗೆ ಹೊರಳಿತು. ಅಲ್ಲಿ ಹಳಿ ಇರಲಿಲ್ಲ. ಆದರೆ ಅವನು ಮನೆಯ ಅಂಗಳದಲ್ಲೂ ಹಾಗೆ ಹೊರಳಿ ನೋಡುತ್ತಿದ್ದ, ಆಗ ಅರೆಹೆಜ್ಜೆ ತಡೆಯುತ್ತಿದ್ದ. ಅದು ಅವಳಿಗೆ ಆ ಕ್ಷಣದವರೆಗೆ ನೆನಪಿರಲಿಲ್ಲ.

ಜಾಫರ್ ಪರದೆ ನೋಡಿ ಥಟ್ಟನೆ ಎದ್ದ. ಹೋಗಿ ಹೇರೂರ ಮೇಡಂರನ್ನು ಕರೆತಂದ. ಅವರು ಎರಡೂ ದಾಖಲೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದರು: ಸ್ಲಿಪ್ಪರಿನಲ್ಲಿ ನಡೆದ ಕಸ್ತೂರಿ, ಬೂಟಿನಲ್ಲಿ ನಡೆದ ಕಸ್ತೂರಿ. ಎರಡು ಬೇರೆ ಮನುಷ್ಯರಷ್ಟು ಅಂತರವಿತ್ತು. ಅವರು ಬಹಳ ಹೊತ್ತು ಪರದೆ ನೋಡಲಿಲ್ಲ. ತಿರುಗಿ ಬಾಗಿಲ ಬಳಿಯ ನೀಲಿ ಸಾಲನ್ನು ನೋಡುತ್ತ ನಿಂತರು.

"ಜಾಫರ್, ಆ ಮುದುಕಿ ನಡಿಗಿ ಎಲ್ಲಿ ತಗೊಂಡಿದ್ದಿ? ಮೊದಲ ಹಿಡದದ್ದು?"

"ಹಳೇ ಬಿಲ್ಡಿಂಗಿನ್ಯಾಗ್ರಿ. ಆವಾಗ ಈ ಕೋಣಿ ಇದ್ದಿಲ್ಲ."

"ಚಪ್ಪಲಿ ಹಾಕೊಂಡಿದ್ದಳೇನು?"

"ಹಾಕೊಂಡಿರಬೇಕ್ರಿ. ಅಲ್ಲಿ ಬಿಡ್ರಿ ಅಂತ ಹೇಳೋರು ಯಾರಿದ್ದರು?"

ಹೇರೂರ ಮೇಡಂ ಕುರ್ಚಿ ಎಳೆದು ಕೂತರು. "ಮನಿಗೆ ಬಂದೋರ ಹಂಗ ಎಲ್ಲಾರ ಚಪ್ಪಲಿ ಬಿಡಿಸಿ ಒಳಗ ಕರಕೊಂಡೇವಿ" ಎಂದರು. "ಅವರ ನಡಿಗಿ ಬಾಗಲದಾಗ ಉಳೀತು. ನಾವು ಅಂಟಿಗೆ ಬೈಕೋತ ಕುಂತೇವಿ." ಪರದೆಯ ಕಡೆ ತಿರುಗಿ, "ಬರಿಗಾಲಾಗ ನಡದೋರದ್ದು ಬರಿಗಾಲಾಗ, ಮೆಟ್ಟಿನ್ಯಾಗ ನಡದೋರದ್ದು ಮೆಟ್ಟಿನ್ಯಾಗ. ಎಲ್ಲಾ ಮತ್ತ ಮೊದಲಿಂದ" ಎಂದರು.

ಅಂದೇ ಕಸ್ತೂರಿ ಬೂಚನ್ನು ಬಿಡಿಸಿ, ಅಂಟು ಹಚ್ಚಿ, ಕೂಡಿಸಿದಳು. ದ್ರವದಲ್ಲಿ ನಿಲ್ಲಿಸಿ ಬೂಟಿನ ನಡಿಗೆಯನ್ನು ದಂಡಕ್ಕೆ ಕೊಟ್ಟರು.

*

ದಂಡ ಇಳಿದಾಗ ಒಂದು ಮಂದ ಸಪ್ಪಳವಾಗುತ್ತಿತ್ತು. ಬೂಚು ಬಲಗಾಲಿನದಾದ್ದರಿಂದ ಬಲ ಹೆಜ್ಜೆ ಮಾತ್ರ. ಒಂದು ಸಪ್ಪಳ, ಒಂದು ಖಾಲಿ, ಮತ್ತೆ ಸಪ್ಪಳ. ಆ ಖಾಲಿಯಲ್ಲಿ ಎಡಗಾಲನ್ನು ಕಸ್ತೂರಿ ತಾನೇ ಇಡುತ್ತಿದ್ದಳು, ಮನಸ್ಸಿನಲ್ಲಿ. ಮೊದಮೊದಲು ಬೇಕೆಂದು ಇಟ್ಟಳು. ಆಮೇಲೆ ಅದು ತಾನಾಗಿ ಬೀಳತೊಡಗಿತು. ಬೇರೆ ಬೂಚುಗಳನ್ನು ತೊಳೆಯುವಾಗ, ಬ್ಲೇಡು ಬದಲಿಸುವಾಗ, ಬೆನ್ನ ಹಿಂದೆ ಅವನು ನಡೆಯುತ್ತಿದ್ದ. ಎಲ್ಲಿಗೂ ಹೋಗುತ್ತಿರಲಿಲ್ಲ, ಬರುತ್ತಲೂ ಇರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಅವಳು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಉಣ್ಣತೊಡಗಿದಳು. ಅಲ್ಲಿ ಉಣ್ಣಬಾರದು ಎಂದು ಯಾರೂ ಹೇಳಲಿಲ್ಲ.

ವಾರಗಳು ಕಳೆದವು. ಅಂಟು ಕರಗುವ ಹೊತ್ತು ಬಂತು, ದಾಟಿತು. ಬೂಚು ಎರಡಾಗಲಿಲ್ಲ.

"ಬಿಡಲಿಲ್ಲ ಅಂದ್ರ ಕೂಡೇತಿ ಅಂತಲ್ಲ" ಎಂದರು ಹೇರೂರ ಮೇಡಂ. "ನೀರಿನ ಹಿಡಿತಕ್ಕ ನಿಂತಿರಬಹುದು. ಎಳದ ನೋಡಬೇಕು. ಇದೊಂದ ಗೆದ್ದರ ಸಮಿತಿ ಮುಂದ ಇಡತೇನಿ. ಯಾವತ್ತ ಅನ್ನೂದು ನೀ ಹೇಳು, ಆದರ ಎಳೀಬೇಕು."

ಎಳೆಯುವುದೆಂದರೆ ಕಿತ್ತುಬರುವವರೆಗೆ ಎಳೆಯುವುದು. ಎಷ್ಟು ಬಲಕ್ಕೆ, ಎಲ್ಲಿ ಕಿತ್ತಿತು ಎನ್ನುವುದೇ ಉತ್ತರ. ಅದಾದ ಮೇಲೆ ಬೂಚಿಲ್ಲ.

"ಇನ್ನೊಂದ ವಾರ" ಎಂದಳು ಕಸ್ತೂರಿ. ಆ ವಾರ ಮುಗಿದಾಗಲೂ ಅದನ್ನೇ ಹೇಳಿದಳು.

ನೀಲವ್ವ ಒಂದು ದಿನ ಪ್ರಯೋಗಾಲಯಕ್ಕೆ ಬಂದಳು. ರೊಟ್ಟಿ ಕೊಟ್ಟು ಹಾಗೇ ಬಂದೆ ಎಂದಳು. ತಮ್ಮನ ತುಣುಕು ಕೇಳಲು ಬಂದವಳು ಎಂದು ಅವಳ ಮುಖವೇ ಹೇಳುತ್ತಿತ್ತು. ಕಸ್ತೂರಿ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿದಳು. ಗಾಜಿನ ಒಳಗೆ ತಿಳಿ ಗುಲಾಬಿ ದ್ರವ, ಅದರಲ್ಲಿ ಬೆರಳ ತುದಿಯಷ್ಟು ಒಂದು ವಸ್ತು. ನೀಲವ್ವ ಅದನ್ನು ನೋಡಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳಿದಳು. ನಾಲ್ಕೈದು ಸಪ್ಪಳವಾದ ಮೇಲೆ ದಂಡ ಅರೆಕ್ಷಣ ತಡೆದು ಇಳಿಯಿತು.

"ಇದು ಅಂವನ" ಎಂದಳು ನೀಲವ್ವ. ಸೆರಗು ಬಾಯಿಗೆ ಹೋಯಿತು.

"ಮನ್ಯಾಗ ಹಂಗಲ್ಲ ಅಂದಿದ್ದೆಲ್ಲ?"

"ಅಲ್ಲಿ ನೀ ನಡದಿ, ಅಂವ ಹೆಂಗ ಕಾಣತಾನ? ಇಲ್ಲಿ ಕಣ್ಣ ಮುಚ್ಚಿದರ ಆತು." ಕಣ್ಣು ಒರೆಸಿಕೊಂಡು, "ಇದು ಎಷ್ಟ ದಿನಾ ಹಿಂಗ ಇರತೈತಿ?" ಎಂದಳು.

"ನೀರು ಬದಲಿ ಮಾಡಕೋತ ಇದ್ದರ ವರ್ಷಗಟ್ಟಲೆ."

"ಹಂಗಾರ ಮಾಡಕೋತ ಇರು. ಮಣ್ಣಿಗೆ ಬ್ಯಾಡ. ನಾ ಆಗಾಗ ಬರತೇನಿ."

"ಎಳೀಬೇಕಂತಾರ ಮೇಡಂ."

"ಎಳೀಯೋರು ಯಾರು?"

"ನಾನ."

"ಎಳೀಬ್ಯಾಡ."

ಎಳೆಯಲು ಕಸ್ತೂರಿಗೂ ಮನಸ್ಸಿರಲಿಲ್ಲ. ಆದರೆ ಅದಕ್ಕೆ ಅವಳ ಕಾರಣ ನೀಲವ್ವನ ಕಾರಣವಲ್ಲ. ನಡಿಗೆ ಅವನದೇ ಆಗಿದ್ದರೆ ಬೂಚು ಕೂಡಿರುತ್ತದೆ. ತಾನು ನಡೆದದ್ದು ಅವನಂತಿದ್ದ ಬೇರೆ ಏನೋ ಆಗಿದ್ದರೆ ಒಂದು ಎಳೆತಕ್ಕೆ ಸಿಪ್ಪೆಯಂತೆ ಬಿಡುತ್ತದೆ. ಆಗ ಹತ್ತು ವರ್ಷ ಜೊತೆಗಿದ್ದವನನ್ನು ಅವಳು ನೋಡಿಯೇ ಇರಲಿಲ್ಲ ಎಂದಾಗುತ್ತದೆ. ಎಲುಬು ಸುಳ್ಳು ಹೇಳುವುದಿಲ್ಲ. ಇದನ್ನು ಬೇರೆಯವರ ಮನೆಯಲ್ಲಿ ಕೂತು ಎಷ್ಟೋ ಸಲ ಹೇಳಿದವಳು ಅವಳೇ. ಎಳೆಯದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಅವನು ನಡೆಯುತ್ತಿರುತ್ತಾನೆ.

ಅವಳ ಮನಸ್ಸು ಬದಲಾದದ್ದು ಸಂತೆಯ ದಿನ, ಕಾಯಿಪಲ್ಯದ ಸಾಲಿನಲ್ಲಿ. ಹಿಂದೆ ಯಾರೋ ಬೂಟು ಹಾಕಿದವರು ಬಂದ ಸಪ್ಪಳವಾಯಿತು. ಮೊದಲಾದರೆ ಅಂಥ ಸಪ್ಪಳಕ್ಕೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಗೇಟಿನಿಂದ ಬರುವ ಯಮನೂರಪ್ಪ ಕಣ್ಣಿಗೆ ಕಟ್ಟುತ್ತಿದ್ದ. ಮಳೆಯಲ್ಲಿ ತೊಯ್ದ ಅಂಗಿ, ಬಗಲಲ್ಲಿ ಬಾವುಟ, ಚಹಾ ಆತೇನು ಎನ್ನುವ ದನಿ. ಈಗ ಕಣ್ಣಿಗೆ ಕಟ್ಟಿದ್ದು ಗುಲಾಬಿ ನೀರು, ಉಕ್ಕಿನ ದಂಡ. ಅವಳು ಬದನೆಕಾಯಿ ಕೈಯಲ್ಲಿ ಹಿಡಿದೇ ನಿಂತು, ಬೇರೆ ಸಂಜೆಗಳನ್ನು ನೆನೆಯಲು ನೋಡಿದಳು. ಮದುವೆಯಾದ ಹೊಸದು, ಜ್ವರ ಬಂದಾಗಿನದು, ಜಗಳವಾಡಿ ಮಾತು ಬಿಟ್ಟಾಗಿನದು. ಸಿಟ್ಟಿನಲ್ಲಿ ಅವನು ಹೇಗೆ ನಡೆಯುತ್ತಿದ್ದ? ಎಲ್ಲ ಸಂಜೆಗಳಲ್ಲೂ ಒಂದೇ ಹೆಜ್ಜೆ ಬಂತು, ಒಂದೇ ಅರೆತಡೆ ಬಂತು. ಯಂತ್ರ ಒಂದು ದಿನದ ಒಂದು ನಡಿಗೆಯನ್ನು ಸುತ್ತಿ ಸುತ್ತಿ ಹಾಕುತ್ತ ಉಳಿದ ಎಲ್ಲ ದಿನಗಳನ್ನೂ ಒರೆಸುತ್ತಿತ್ತು. ಅದೂ ಅವಳೇ ನಡೆದ ನಡಿಗೆ.

"ತಗೋತೀಯೇನವ್ವ, ಬರೇ ಹಿಡಕೊಂಡ ನಿಂದ್ರತಿಯೋ?" ಎಂದಳು ಮಾರುವವಳು.

ಮರುದಿನ ಬೆಳಿಗ್ಗೆ ಕಸ್ತೂರಿ ಹೇರೂರ ಮೇಡಂರ ಕೋಣೆಗೆ ಹೋಗಿ, "ಇವತ್ತ ಎಳಿಯೂಣ್ರಿ" ಎಂದಳು. ತನಗೆ ಅವನು ಸರಿಯಾಗಿ ನೆನಪಿದ್ದಾನೋ ಇಲ್ಲವೋ ತಿಳಿಯಬೇಕೆಂದು ನೀಲವ್ವನಿಗೂ ಹೇಳಿ ಬಂದಿದ್ದಳು. ನೀಲವ್ವ ಬೈದು, ಅತ್ತು, ಕೊನೆಗೆ ಜೊತೆಗೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಜಾಫರ್ ದಂಡ ನಿಲ್ಲಿಸಿದ. ಬಲಗಾಲು ಬಿದ್ದಿತ್ತು. ಎಡಗಾಲನ್ನು ಕಸ್ತೂರಿ ಎಂದಿನಂತೆ ಇಟ್ಟಳು. ಅದರ ಮುಂದಿನದು ಬರಲಿಲ್ಲ. ಕೋಣೆ ಇಷ್ಟು ದೊಡ್ಡದಿತ್ತೇ ಎಂದು ಅವಳಿಗೆ ಅನಿಸಿತು.

ಅವಳು ಬೂಚನ್ನು ಎತ್ತಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಎಲುಬಿನ ಕಡೆಯನ್ನು ರಾಳದ ಬಟ್ಟಲಿನಲ್ಲಿ ನಿಲ್ಲಿಸಿದಳು. ರಾಳ ಬಿಸಿಯಾಗಿ ಕೋಶಗಳಿಗೆ ತಾಗದಂತೆ ಸುತ್ತ ತಣ್ಣೀರು ಹರಿಸಿದಳು. ಅದು ಗಟ್ಟಿಯಾದ ಮೇಲೆ ಮೃದ್ವಸ್ಥಿಯ ಕಡೆಯನ್ನು ಮೇಲಿನ ಹಿಡಿಕೆಗೆ ಕಚ್ಚಿಸಿದಳು. ಎರಡು ಸಲ ಕಣ್ಣಳತೆ ನೋಡಿದಳು, ಓರೆಯಿಲ್ಲ ಎಂದು. ಆಮೇಲೆ ತಾನೇ ಗುಂಡಿ ಒತ್ತಿದಳು.

ಹಿಡಿಕೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಮೇಲೇರಿತು. ಪರದೆಯ ಮೇಲೆ ಗೆರೆ ಹತ್ತಿತು. ಸರಾಸರಿ ಹೆಜ್ಜೆಯ ಬೂಚುಗಳು ಬಿಟ್ಟ ಮಟ್ಟ ದಾಟಿತು. ಮುದುಕಿಯ ಬೂಚು ಬಿಟ್ಟ ಮಟ್ಟ ದಾಟಿತು. ಗೆರೆ ಇನ್ನೂ ಹತ್ತುತ್ತಿತ್ತು. ಒಣ ಶೇಂಗಾಕಾಯಿ ಒಡೆದಂತೆ ಒಂದು ಸಣ್ಣ ಸಪ್ಪಳವಾಗಿ ಗೆರೆ ನೆಟ್ಟಗೆ ಕೆಳಗೆ ಬಿತ್ತು.

ಹೇರೂರ ಮೇಡಂ ಬಗ್ಗಿ ಭೂತಗನ್ನಡಿಯಲ್ಲಿ ನೋಡಿದರು. ಅಂಟು ಹಚ್ಚಿದ ಜಾಗ ಹಾಗೇ ಇತ್ತು. ಅದರ ಕೆಳಗೆ ಎಲುಬೇ ಮುರಿದಿತ್ತು. ಕೂಡಿಸಿದ ಜಾಗ ಹುಟ್ಟಾ ಇದ್ದ ಎಲುಬಿಗಿಂತ ಗಟ್ಟಿಯಾಗಿತ್ತು.

"ಕೂಡೇತಿ" ಎಂದರು. "ಕಸ್ತೂರಿ, ಅವನದ ನಡಿಗಿ ಅದು. ಕೂದಲೆಳಿಯಷ್ಟೂ ತಪ್ಪಿಲ್ಲ."

ಜಾಫರ್ ಕೈ ಮುಂದೆ ಚಾಚಿದ, ಅವಳ ಕೈ ಕುಲುಕಲು. ಕಸ್ತೂರಿ ಕೈಗವಸು ಕಳಚಿ, ಕುಲುಕಿ, ಹೊರಗೆ ಬಂದಳು.

ನೀಲವ್ವ ಬೆಂಚಿನಿಂದ ಏಳಲಿಲ್ಲ. "ಏನಾತು?"

"ಹಿಡದಿತ್ತು. ನನಗ ಸರಿಯಾಗಿ ನೆನಪಿತ್ತು."

"ಮತ್ತ? ಅದನ್ನ ತಿಳಕೋಬೇಕು ಅಂತಿದ್ದೆಲ್ಲ. ತಿಳೀತು. ಇನ್ನೇನ ಬೇಕಾಗಿತ್ತು ನಿನಗ?"

ಕಸ್ತೂರಿ ಅವಳ ಪಕ್ಕದಲ್ಲಿ ಕೂತಳು. ಎದುರಿನ ರಸ್ತೆಯಲ್ಲಿ ಜನ ಬಸ್ಸಿಗೆ ಓಡುತ್ತಿದ್ದರು, ಒಬ್ಬೊಬ್ಬರು ಒಂದೊಂದು ನಮೂನೆ.

"ಅಂವ ಬೇಕಾಗಿದ್ದ" ಎಂದಳು.